ಡಬ್ಬ ಬೀಳದ ಗ್ಲಾಸ್

ದೋಸ್ತರ, ಇವತ್ತ ಬಾಗಲಕೋಟಿ ದವಾಖಾನ್ಯಾಗ ನನ್ನ ಕಣ್ಣಿಗೆ ಒಂದ ದೊಡ್ಡ ವಿಆರ್ ಕನ್ನಡಕ ಕಟ್ಟಿದ್ರು, ಇಲ್ಲದ್ದನ್ನ ಖರೇ ಇದ್ದಂಗ ತೋರಸೂದು. ಕುಡಿಯೂದು ಬಿಟ್ಟಾಂವ ನಾ. ಒಳಗ ಇನ್ನಾ ಎಷ್ಟ ಆಸಿ ಉಳದೇತಿ ಅಂತ ಅದು ಅಳಿತೈತಂತ.

ಕಟ್ಟಿದ ಕೂಡ್ಲೇ ನಾ ಒಂದ ಬಾರಿನ್ಯಾಗ ಕುಂತಿದ್ದೆ. ಎದುರಿಗೆ ಖಾಲಿ ಗ್ಲಾಸ್, ಬಾಜೂಕ ಬಾಟ್ಲಿ ಹಿಡಕೊಂಡ ನಿಂತ ವೇಟರ್. ಎಲ್ಲಾ ಖರೇನ ಇದ್ದಂಗ.

ಹುನಗುಂದದಾಗ ನಮ್ಮ ಗ್ಯಾಂಗಿಂದು ಒಂದ ಪದ್ಧತಿ ಐತಿ. ಸಾಕು ಅನ್ನಾಂವ ಗ್ಲಾಸ್ ಡಬ್ಬ ಹಾಕ್ತಾನ, ಬಾಯಿ ಕೆಳಗ. ಆಮ್ಯಾಲೆ ಅವಂಗ ಯಾರೂ ಒತ್ತಾಯ ಮಾಡೂದಿಲ್ಲ. ನಾನೂ ಡಬ್ಬ ಹಾಕಾಕ ಹ್ವಾದೆ. ಆ ಗ್ಲಾಸ್ ಹೊಳ್ಳಲೇ ಇಲ್ಲ. ಮತ್ತ ಮತ್ತ ಕೈ ಹಾಕಿದೆ.

ಕನ್ನಡಕ ತಗದ ಡಾಕ್ಟರ್ ಮೇಡಂ ಅಂದ್ರು, "ಸರ್, ನಿಮ್ಮ ಕೈ ಗ್ಲಾಸ್ ಕಡೆಗೇ ಹೋಗ್ತಿತ್ತು. ಆಸೆ ಇನ್ನೂ ಬಹಳ ಇದೆ."

ಬಾಜೂಕ ಕುಂತಿದ್ದ ನನ್ನ ಹೆಂಡ್ತಿ ತಲಿ ಕೆಳಗ ಹಾಕಿದ್ಲು. ನನಗ ಸಿಟ್ಟ ನೆತ್ತಿಗೇರಿತು.

"ಆಸಿ ಇಲ್ಲ ಅಂತ ನಾ ಅನ್ನಂಗಿಲ್ರಿ ಮೇಡಂ. ಆದ್ರ ಕೈ ಹಾಕಿದ್ದು ಕುಡಿಯಾಕಲ್ಲ, ಗ್ಲಾಸ್ ಡಬ್ಬ ಹಾಕಾಕ!"

"ಇದರಲ್ಲಿ ಹಾಗೆ ಮಾಡೋಕೆ ಬರಲ್ಲ ಸರ್."

"ಅಂದ್ರ ಅದಕ್ಕ ಕುಡಿಯೂದಷ್ಟ ಗೊತ್ತೈತಿ, ಬ್ಯಾಡ ಅನ್ನೂದು ಗೊತ್ತಿಲ್ಲ. ನನಗಿಂತ ಮೊದಲ ಅದಕ್ಕ ಇಲಾಜ್ ಮಾಡ್ರಿ!"

ಪಾಪ, ಸಮಾಧಾನಕ್ಕ ಚಾ ತರಿಸಿದ್ರು. ಕುಡದು, ನನ್ನ ಕಪ್ ಅವರ ಟೇಬಲ್ ಮ್ಯಾಲೆ, ಅವರ ಕಣ್ಣ ಮುಂದ ಡಬ್ಬ ಹಾಕಿದೆ. ಹೆಂಡ್ತಿ ನನ್ನ ಮಾರಿ ನೋಡಿ, ತನ್ನ ಕಪ್ಪೂ ಡಬ್ಬ ಹಾಕಿ ಎದ್ಲು.

ಇದನ್ನ ಅಳೀರಿ ನೋಡೂಣು.