ಬಸ್ಸಿನಲ್ಲಿ ಧನ್ಯವಾದ ಹೇಳಿ ಸಿಕ್ಕಿಬಿದ್ದೆ

ಗೆಳೆಯರೇ, ದಯವಿಟ್ಟು ನಮ್ಮ ಕಡೆಯ ಬಸ್ಸುಗಳಲ್ಲಿ ಯಾರಿಗೂ ಧನ್ಯವಾದ ಹೇಳಬೇಡಿ.

ಇವತ್ತು ಸಂಜೆ ರಾಯಚೂರಿನಿಂದ ಮಾನ್ವಿಗೆ ನಿಂತುಕೊಂಡೇ ಹೊರಟಿದ್ದೆ. ಪಕ್ಕದ ಸೀಟಿನ ಅಜ್ಜಿ, ನಾನು ಕೇಳದೆಯೇ, ನನ್ನ ಚೀಲ ಎಳೆದು ತೊಡೆಯ ಮೇಲಿಟ್ಟುಕೊಂಡಳು. ಕೂತವರು ನಿಂತವರ ಚೀಲ ಹಿಡಿಯುವುದು ಇಲ್ಲಿ ರೂಢಿ. ನಾನು ಸುಮ್ಮನಿರಬೇಕಿತ್ತು. ಆದರೆ ಮಧ್ಯಾಹ್ನವಷ್ಟೇ ಕಚೇರಿಯ ತರಬೇತಿಯಲ್ಲಿ, ಸಣ್ಣ ಉಪಕಾರಕ್ಕೂ ಮನಸಾರೆ ಕೃತಜ್ಞತೆ ಹೇಳಬೇಕೆಂದು ಕಲಿಸಿದ್ದರು. ಕೈಮುಗಿದೆ.

"ತಮ್ಮ ಉಪಕಾರಕ್ಕೆ ಹೃತ್ಪೂರ್ವಕ ಧನ್ಯವಾದಗಳು ಯವ್ವಾ."

ಅಜ್ಜಿಯ ಮುಖ ಬದಲಾಯಿತು. "ಒಂದ್ ಚೀಲ ಹಿಡಿದಿದ್ದಕ್ಕ ಇಷ್ಟ್ಯಾಕ ಕೈ ಮುಗ್ಯಾಕತ್ತೀ? ಏನದ ಇದರಾಗ?"

"ಏನಿಲ್ಲ ಯವ್ವಾ."

"ಏನಿಲ್ಲಂದ್ರ ಬಿಚ್ಚು! ಕಂಡಕ್ಟರಪ್ಪಾ, ಬಾ ಇಲ್ಲಿ!"

ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಬಿಚ್ಚಿದೆ. ಖಾಲಿ ಊಟದ ಡಬ್ಬಿ, ಕೊಡೆ, ಮನೆಗೆಂದು ಕಟ್ಟಿಸಿಕೊಂಡಿದ್ದ ಬಿಸಿ ಮಿರ್ಚಿ ಬಜ್ಜಿಯ ಪೊಟ್ಟಣ.

"ಅಯ್ಯ, ಮಿರ್ಚಿ! ಮೊದಲ ಹೇಳಾಕ ಏನಾಗಿತ್ತು?" ಎಂದು ಅಜ್ಜಿ ಒಂದನ್ನು ಬಾಯಿಗಿಟ್ಟಳು. ಕಂಡಕ್ಟರ್ ಎರಡು ತೆಗೆದುಕೊಂಡ. ಪೊಟ್ಟಣ ಹಿಂದಿನ ಸೀಟಿನವರೆಗೂ ಹೋಗಿ ಖಾಲಿಯಾಗಿ ಬಂತು.

ಒಬ್ಬರೂ ಧನ್ಯವಾದ ಹೇಳಲಿಲ್ಲ. ಹಾಗಾಗಿ ನನಗೆ ಯಾರ ಮೇಲೂ ಅನುಮಾನ ಬರಲಿಲ್ಲ.