ಸೀಟಿನ ಮೇಲೆ ಕೂತವರ ತೂಕ

ವಾಡಿಯ ರೈಲ್ವೆ ಕ್ವಾರ್ಟರ್ಸಿನ ನಮ್ಮ ಮನೆಗೆ ಆ ಬೈಕು ಬಂದದ್ದು ಅಣ್ಣನಿಗಾಗಿ. ಹೈದರಾಬಾದಿನಲ್ಲಿ ಮಣ್ಣಿನ ರೇಸುಗಳಲ್ಲಿ ಓಡಿ ಹಳತಾಗಿದ್ದ, ಲೈಟು, ಹಾರ್ನು ಯಾವುದೂ ಇಲ್ಲದ ಟೂ ಸ್ಟ್ರೋಕ್ ಗಾಡಿ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಅಣ್ಣ ಒಂದು ಬೇಸಿಗೆ ಓಡಿಸಿದ, ಬಿದ್ದು ಮಣಿಕಟ್ಟು ಮುರಿದುಕೊಂಡ, ಅಷ್ಟರಲ್ಲಿ ಸಿಮೆಂಟ್ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್ ಕೆಲಸ ಸಿಕ್ಕಿತು. ಗಾಡಿ ಹಿತ್ತಲಿನ ತಗಡಿನ ಕೆಳಗೆ ಧೂಳು ತಿನ್ನುತ್ತ ನಿಂತಿತು. ಅದನ್ನು ಮತ್ತೆ ಹೊರಗೆ ತೆಗೆದವಳು ನಾನು.

ಆಗ ನಾನು ಸೇಡಂನಲ್ಲಿ ಬಿ.ಎ. ಓದುತ್ತಿದ್ದೆ. ಬೆಳಗಿನ ಪ್ಯಾಸೆಂಜರಿನಲ್ಲಿ ಹೋಗಿ ಸಂಜೆ ಬರುತ್ತಿದ್ದೆ. ಭಾನುವಾರಗಳಲ್ಲಿ ಗಾಡಿಯನ್ನು ರಾವೂರಿನ ಕಡೆಯ, ಕೆಲಸ ನಿಂತುಹೋದ ಒಂದು ಕಲ್ಲಿನ ಗಣಿಗೆ ತಳ್ಳಿಕೊಂಡು ಹೋಗುತ್ತಿದ್ದೆ. ಗಣಿಯವರು ಸುರಿದುಹೋದ ಮಣ್ಣು, ಕಲ್ಲುಪುಡಿಯ ದಿಬ್ಬಗಳು ಅಲ್ಲಿದ್ದವು. ಮೊದಮೊದಲು ದಿಬ್ಬ ಹತ್ತಿ ಇಳಿಯುತ್ತಿದ್ದೆ. ಆಮೇಲೆ ಹಾರಿಸಲು ಕಲಿತೆ. ಅಪ್ಪನಿಗೆ ಗೊತ್ತಿತ್ತು. ನಾಲ್ಕು ದಿನದ ಹುಚ್ಚು, ತಾನಾಗೇ ಬಿಡುತ್ತದೆ ಎಂದುಕೊಂಡು ಸುಮ್ಮನಿದ್ದರು.

ಹಾರುವುದು ಕಷ್ಟವಾಗಲಿಲ್ಲ, ನೆಲಕ್ಕೆ ಬರುವುದೇ ಕಷ್ಟ. ಹಿಂದಿನ ಚಕ್ರ ನೆಲ ಮುಟ್ಟಿದ ಕೂಡಲೇ ಗಾಡಿ ಕತ್ತೆಯ ಹಾಗೆ ಒದೆಯುತ್ತಿತ್ತು. ಸ್ಪ್ರಿಂಗುಗಳು ಅಣ್ಣನ ತೂಕಕ್ಕೆ ಕೂಡಿಸಿದಂಥವು. ನನ್ನಂಥ ಸಣಕಲು ದೇಹಕ್ಕೆ ಅವು ಬಗ್ಗುತ್ತಲೇ ಇರಲಿಲ್ಲ. ಓಡಿಸುವವರ ತೂಕಕ್ಕೆ, ಓಡುವ ನೆಲಕ್ಕೆ ತಕ್ಕಂತೆ ಮುಂದಿನ ಚಕ್ರ ಹಿಡಿದ ಫೋರ್ಕನ್ನೂ ಹಿಂದಿನ ಶಾಕ್ ಅಬ್ಸಾರ್ಬರನ್ನೂ ಹದ ಮಾಡಿಕೊಡುವವರಿಗೆ ರೇಸಿನವರು ಟ್ಯೂನರ್ ಎನ್ನುತ್ತಾರೆ. ಅಂಥವನೊಬ್ಬ ನನಗೆ ಬೇಕಾಗಿತ್ತು.

ವಾಡಿ ಸ್ಟೇಷನ್ನಿನ ಎದುರಿನ ಮೆಕ್ಯಾನಿಕ್ ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿ, "ಅಣ್ಣಗ ಕಳಸ್ರಿ, ಅವರ ಜೋಡಿ ಮಾತಾಡ್ತೀನಿ" ಎಂದ.

"ಗಾಡಿ ಹೊಡಿಯಾಕಿ ನಾನು."

"ಅದು ಖರೆ ಅದ. ಆದ್ರೂ ಅಣ್ಣಗ ಕಳಸ್ರಿ."

ಶಹಾಬಾದಿನಲ್ಲಿ ಒಬ್ಬನಿದ್ದ. ಸುತ್ತಲಿನ ಊರುಗಳ ರೇಸಿನ ಹುಡುಗರೆಲ್ಲ ಅವನ ಗ್ಯಾರೇಜಿಗೇ ಹೋಗುತ್ತಿದ್ದರು. ಗೋಡೆಯ ತುಂಬ, ರೇಸಿನಲ್ಲಿ ಗೆದ್ದ ಕಪ್ಪು ಹಿಡಿದು ನಿಂತವರ ಫೋಟೋಗಳು. ಅಣ್ಣನನ್ನು ಕಾಡಿ ಬೇಡಿ, ಬಾಡಿಗೆ ಟೆಂಪೋದಲ್ಲಿ ಗಾಡಿ ಹೇರಿಕೊಂಡು ಹೋದೆವು. ಅವನು ನನಗೆ ಕುರ್ಚಿ ಕೊಟ್ಟು ಚಹಾ ತರಿಸಿದ. ಆಮೇಲೆ ಅಣ್ಣನನ್ನು ಸೀಟಿನ ಮೇಲೆ ಕೂರಿಸಿ, ಅವನ ತೂಕಕ್ಕೆ ಗಾಡಿ ಎಷ್ಟು ತಗ್ಗುತ್ತದೆಂದು ಅಳೆಯಲು ಟೇಪು ಹಿಡಿದ. "ಓಡಿಸುವವಳು ಇವಳು" ಎಂದು ಅಣ್ಣ ಹೇಳಲಿಲ್ಲ. ನಾನೇ ಹೇಳಿದೆ. ಅವನು ನಕ್ಕು, "ಇರ್ಲಿ ಬಿಡವ್ವ, ಅಣ್ಣ ಕುಂತ್ರ ಏನಾತು, ಗಾಡಿ ಒಂದೇ ಅಲ್ಲೇನು" ಎಂದ. ಫೋರ್ಕಿಗೆ ದಪ್ಪ ಎಣ್ಣೆ ಹಾಕಿ, ಸ್ಪ್ರಿಂಗುಗಳನ್ನು ಇನ್ನಷ್ಟು ಬಿಗಿದು ಕಳಿಸಿದ.

ಮುಂದಿನ ಭಾನುವಾರ ದಿಬ್ಬ ಹಾರಿ ನೆಲಕ್ಕೆ ಬರುವಾಗ ಹ್ಯಾಂಡಲ್ ನನ್ನ ಎದೆಗೆ ಬಡಿಯಿತು. ಉಸಿರು ತಿರುಗಲು ಬಹಳ ಹೊತ್ತು ಬೇಕಾಯಿತು. ಪಕ್ಕೆಲುಬಿನ ಸಾಲು ನೀಲಿಗಟ್ಟಿತು. ರೈಲಿನ ಬಾಗಿಲಲ್ಲಿ ನೂಕುನುಗ್ಗಲು ಎಂದು ಮನೆಯಲ್ಲಿ ಹೇಳಿದೆ. ಯಾರೂ ಮರುಪ್ರಶ್ನೆ ಕೇಳಲಿಲ್ಲ.

ಆಮೇಲೆ ಯಾರನ್ನು ಹುಡುಕಬೇಕೆಂದು ನನಗೆ ಸ್ಪಷ್ಟವಾಯಿತು. ಎಷ್ಟು ಕಪ್ಪು ಗೆಲ್ಲಿಸಿದ್ದಾನೆ, ಯಾವ ಎಣ್ಣೆ ಹಾಕುತ್ತಾನೆ ಎಂಬುದು ಆಮೇಲಿನ ಮಾತು. ಸೀಟಿನ ಮೇಲೆ ನನ್ನನ್ನು ಕೂರಲು ಹೇಳುವವನು ಸಿಕ್ಕರೆ ಅವನೇ ನನ್ನ ಟ್ಯೂನರ್. ಚಿತ್ತಾಪುರದಲ್ಲಿ ಕೇಳಿದೆ, ಸೇಡಂನ ಗ್ಯಾರೇಜುಗಳಲ್ಲಿ ಕಾಲೇಜು ಬಿಟ್ಟಮೇಲೆ ಒಂದೊಂದನ್ನೇ ನೋಡಿದೆ. ಕೊನೆಗೆ ಸೇಡಂ ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬ ಸಿಕ್ಕ. ಚಿಂಚೋಳಿಯ ಆಚೆ ಗಡಿಯ ಊರಿನವನು, ಹೈದರಾಬಾದಿನ ರೇಸಿನ ಗ್ಯಾರೇಜಿನಲ್ಲಿ ಬಹಳ ವರ್ಷ ದುಡಿದು ಬಂದಿದ್ದ. ಅವನ ಕನ್ನಡದೊಳಗೆ ತೆಲುಗು ಇಣುಕುತ್ತಿತ್ತು.

"ಗಾಡಿ ಯಾರು ಹೊಡಿತಾರಮ್ಮ?"

"ನಾನು."

"ಹಂಗಾದ್ರ ಹೆಲ್ಮೆಟ್, ಬೂಟು ಎಲ್ಲಾ ತಗೊಂಡು ಬರ್ರಿ. ಅದರದೂ ತೂಕ ಇರ್ತದ."

ಮುಂದಿನ ವಾರ ಗಾಡಿ ತಂದೆ. ಅಣ್ಣನ ಹಳೆಯ ಬೂಟಿನೊಳಗೆ ಬಟ್ಟೆ ತುರುಕಿಕೊಂಡು ಸೀಟಿನ ಮೇಲೆ ಕೂತೆ. ಅವನು ನೆಲದ ಮೇಲೆ ಕೂತು ಹಿಂದಿನ ಚಕ್ರದಿಂದ ಮಡ್‌ಗಾರ್ಡಿನವರೆಗೆ ಅಳೆದ, ಎದ್ದು ನಿಲ್ಲಲು ಹೇಳಿ ಮತ್ತೆ ಅಳೆದ. "ನಿಮ್ಮ ಕೆಳಗ ಇದು ಸ್ಪ್ರಿಂಗ್ ಅಲ್ಲ, ಕಟ್ಟಿಗಿ ಆಗ್ಯಾದ" ಎಂದ. ಹೈದರಾಬಾದಿನಿಂದ ಮೆತ್ತನೆಯ ಸ್ಪ್ರಿಂಗು ತರಿಸಿ ಹಾಕಿದ. ಒಂದು ಭಾನುವಾರ ಬಸ್ಸು ಹತ್ತಿ ಗಣಿಗೇ ಬಂದು, ನಾನು ಹಾರುವುದನ್ನು ನೋಡುತ್ತ, ನಡುನಡುವೆ ನಿಲ್ಲಿಸಿ ಸ್ಕ್ರೂ ತಿರುಗಿಸಿದ.

ಆ ದಿನ ಗಾಡಿ ನನ್ನ ಮಾತು ಕೇಳಿತು. ದಿಬ್ಬದಿಂದ ಇಳಿದದ್ದು ಗೊತ್ತೇ ಆಗಲಿಲ್ಲ, ಯಾರೋ ಎತ್ತಿ ಮೆಲ್ಲಗೆ ಕೆಳಗಿಟ್ಟ ಹಾಗಿತ್ತು. ಕಲಬುರಗಿಯ ಹೊರಗೆ ಮಣ್ಣಿನ ರೇಸು ನಡೆಯುವುದಿತ್ತು. ಹೆಂಗಸರಿಗೆ ಬೇರೆ ಗುಂಪಿಲ್ಲ, ಹೊಸಬರ ಜೊತೆ ಓಡಿಸುವುದಾದರೆ ಬನ್ನಿ ಎಂದರು. ಹೆಸರು ಕೊಟ್ಟೆ.

ರೇಸಿಗೆ ಒಂದು ವಾರ ಇರುವಾಗ ಅಣ್ಣ ಗಣಿಗೆ ಬಂದ. ನಾನು ಒಂದೇ ಸಮನೆ ಹಾರಿದ್ದನ್ನು ನೋಡಿ ತಾನೂ ಒಂದು ಸುತ್ತು ಹೊಡೆದ. ಇಳಿದಾಗ ಅವನ ಮುಖ ಅರಳಿತ್ತು. "ಗಾಡಿ ಈಗ ಗಾಡಿ ಆಗ್ಯದ ನೋಡು. ಖರೆ, ನನಗ ಸ್ವಲ್ಪ ಮೆತ್ತಗ ಆತು" ಎಂದ. ನಾನು ಹೆಮ್ಮೆಯಿಂದ ನಕ್ಕೆ. ಅವನು ಏನು ಯೋಚಿಸುತ್ತಿದ್ದಾನೆಂದು ಹೊಳೆಯಲಿಲ್ಲ.

ಎರಡು ದಿನ ಕಳೆದು ಬೆಳಗ್ಗೆ ಎದ್ದರೆ ತಗಡಿನ ಕೆಳಗೆ ಗಾಡಿ ಇರಲಿಲ್ಲ. ಅಪ್ಪ ಶೇವ್ ಮಾಡಿಕೊಳ್ಳುತ್ತಿದ್ದರು.

"ಅಣ್ಣ ಸೇಡಂಗ ಒಯ್ದಾನ. ರೇಸು ಅವನೇ ಹೊಡೀತಾನಂತ."

"ಹೆಸರು ನಂದು ಕೊಟ್ಟೀನಿ, ಅಪ್ಪ."

"ಅಷ್ಟು ಮಂದಿ ಮುಂದ ನೀ ಹೊಡ್ಯೋದು ಬ್ಯಾಡ. ಅವ ಹೊಡೀಲಿ. ಗಾಡಿ ಮನಿದೇ ಅಲ್ಲ?"

ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು. ಸಿಟ್ಟೂ ಇರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ನಾನು ರೈಲು ಹಿಡಿದೆ. ಸೇಡಂನಲ್ಲಿ ಇಳಿದು ಕಾಲೇಜಿಗೆ ಹೋಗದೆ ನೇರ ಬಸ್ ಸ್ಟ್ಯಾಂಡಿನ ಹಿಂದೆ ಹೋದೆ. ಅಣ್ಣ ಹೆಲ್ಮೆಟ್ ಹಾಕಿಕೊಂಡು ಸೀಟಿನ ಮೇಲೆ ಕೂತಿದ್ದ. ಟ್ಯೂನರ್ ನೆಲದ ಮೇಲೆ ಕೂತು ಅಳೆಯುತ್ತಿದ್ದ. ನನಗೆ ಮಾಡಿದಷ್ಟೇ ಶ್ರದ್ಧೆಯಿಂದ, ಅದೇ ಟೇಪಿನಿಂದ.

"ಗಾಡಿ ಹೊಡಿಯಾಕಿ ನಾನಂತ ನಿಮಗ ಗೊತ್ತಿತ್ತಲ್ಲ" ಎಂದೆ.

ಅವನು ತಲೆಯೆತ್ತಿದ. "ನಾ ಏನು ಮಾಡ್ಲಮ್ಮ? ಹೊಡಿಯೋರು ಯಾರು ಬರ್ತಾರೋ ಅವರಿಗಿ ಸೆಟ್ ಮಾಡ್ತೀನಿ." ಒಳಗೆ ಹೋಗಿ ಪೇಪರಿನಲ್ಲಿ ಸುತ್ತಿದ ಗಂಟೊಂದನ್ನು ತಂದ. "ನಿಮ್ಮ ಮೆತ್ತನ ಸ್ಪ್ರಿಂಗ್, ಬಿಚ್ಚಿ ಇಟ್ಟೀನಿ. ಒಯ್ರಿ."

ಅಣ್ಣ ನನ್ನ ಕಡೆ ನೋಡದೆ, "ಮುಂದಿನ ವರ್ಷ ನೀನೇ ಹೊಡಿ" ಎಂದ. ಎಣ್ಣೆ ಸೋರುವ ಆ ಗಂಟನ್ನು ಪುಸ್ತಕದ ಚೀಲದಲ್ಲಿ ಹಾಕಿಕೊಂಡು ಸಂಜೆಯ ಪ್ಯಾಸೆಂಜರಿನವರೆಗೆ ಪ್ಲಾಟ್‌ಫಾರ್ಮಿನಲ್ಲಿ ಕೂತಿದ್ದೆ.

ನನ್ನ ಹೆಸರಿನ ಜಾಗದಲ್ಲಿ ತನ್ನದು ಬರೆಸಿ ಓಡಿಸಿದ ಅಣ್ಣ ರೇಸಿನಲ್ಲಿ ಮೂರನೆಯವನಾಗಿ ಬಂದ. ಕಪ್ಪು ಟಿ.ವಿ.ಯ ಮೇಲೆ ಕೂತಿತು. ಕ್ವಾರ್ಟರ್ಸಿನ ಹುಡುಗರು ಸಂಜೆ ಅವನ ಸುತ್ತ ಸೇರುತ್ತಿದ್ದರು. "ಟ್ಯೂನರ್ ಹುಡುಕೋದ್ರಾಗೇ ಎಲ್ಲಾ ಅದ" ಎಂದು ಅವನು ಹೇಳುವುದು ಅಡುಗೆಮನೆಗೆ ಕೇಳುತ್ತಿತ್ತು. "ಹೆಸರು ನೋಡಿ ಹೋಗಬ್ಯಾಡ್ರಿ. ಗಾಡಿ ಯಾರು ಹೊಡಿತಾರಂತ ಮೊದಲ ಕೇಳ್ತಾನಲ್ಲ, ಅವನ ಕಡಿ ಹೋಗ್ರಿ. ನಾ ಎಷ್ಟು ಅಡ್ಡಾಡಿ ಹುಡುಕೀನಿ." ಪದಪದವೂ ನಾನು ಅವನಿಗೆ ಹೇಳಿದ್ದು. ಅವನು ಸುಳ್ಳು ಹೇಳುತ್ತಿದ್ದಾನೆಂದು ನನಗೆ ಅನ್ನಿಸಲಿಲ್ಲ. ತಾನೇ ಹುಡುಕಿದ್ದೆಂದು ಅವನು ನಿಜವಾಗಿ ನಂಬಿಬಿಟ್ಟಿದ್ದ. ನನ್ನ ಹೊಟ್ಟೆ ಉರಿಸಿದ್ದು ಅದೇ.

ಮುಂದಿನ ವರ್ಷ ಬರಲಿಲ್ಲ. ಅಣ್ಣನ ಕೆಲಸ ಖಾಯಂ ಆಯಿತು, ಗಾಡಿ ಮಾರಾಟಕ್ಕಿಟ್ಟ. ಕೊಳ್ಳಲು ಶಹಾಬಾದಿನಿಂದ ಒಬ್ಬ ಬಂದ ದಿನ ಅಣ್ಣ ಶಿಫ್ಟಿನಲ್ಲಿದ್ದ. ಗಾಡಿ ತೋರಿಸಲು ಅಪ್ಪ ನನ್ನನ್ನು ಹೊರಗೆ ಕರೆದರು. ಬಂದವನು ತೆಳ್ಳಗಿದ್ದ. ಸ್ಪ್ರಿಂಗು ನಿಮಗೆ ಗಟ್ಟಿಯಾಗುತ್ತದೆ, ಹೀಗೇ ಹಾರಿಸಬೇಡಿ, ಹಿಂದಿನ ಸ್ಪ್ರಿಂಗು ನಿಮ್ಮ ತೂಕಕ್ಕೆ ಇಷ್ಟಾದರೂ ತಗ್ಗಬೇಕು ಎಂದು ಬೆರಳಿನಲ್ಲಿ ತೋರಿಸಿದೆ. ಅವನು ಅಚ್ಚರಿಯಿಂದ ಕೇಳಿದ: "ನಿಮಗ ಹೆಂಗ ಗೊತ್ತರಿ ಇದೆಲ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ಅವರಣ್ಣ ಮಾತಾಡ್ತಿರ್ತಾನಲ್ಲ, ಕೇಳಿ ಕೇಳಿ ಬಾಯಿಪಾಠ ಆಗ್ಯದ."

ಅವನು ತಲೆಯಾಡಿಸಿದ. ಟೆಂಪೋ ಹಿಂದೆ ಸರಿಯಿತು, ಗಾಡಿಯನ್ನು ಮೇಲೆತ್ತಿದರು. ಹಗ್ಗ ಬಿಗಿಯುವಾಗ ಆ ಕಡೆಯ ತುದಿ ಹಿಡಿಯಲು ಯಾರೂ ಇರಲಿಲ್ಲ. ನಾನು ಹೋಗಿ ಹಿಡಿದುಕೊಂಡೆ.