ಸರ್ವರ್ ಹಂಚಿಕೊಂಡ ಅಣ್ಣತಮ್ಮಂದಿರು

ಸವಣೂರಿನ ಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿರುವ ಚನ್ನೇಶ ಯೋಜನೆ ಇಲ್ಲದೆ ಯಾವ ಕೆಲಸಕ್ಕೂ ಕೈ ಹಾಕುವವರಲ್ಲ. ಯೋಜನೆ ಮುಗಿಯುವಷ್ಟರಲ್ಲಿ ಕೆಲಸದ ಅಗತ್ಯವೇ ಮುಗಿದಿರುತ್ತದೆ ಎಂಬುದು ಹೆಂಡತಿ ಶೈಲಶ್ರೀಯ ದೂರು. ಅಂಗಡಿಯ ಮುಂದೆ ನೆರಳು ಮಾಡಬೇಕೆಂದು ಅವರು ತಗಡಿನ ಅಳತೆ, ಬಿಸಿಲಿನ ಓರೆ, ಗಾಳಿಯ ದಿಕ್ಕು ಎಲ್ಲ ವಿಚಾರಿಸುತ್ತ ಎರಡು ಬೇಸಿಗೆ ಕಳೆದರು. ಮುಂದಿನ ಬೇಸಿಗೆಗೆ ಎದುರಿನವರು ಮೂರಂತಸ್ತಿನ ಕಟ್ಟಡ ಎಬ್ಬಿಸಿ ನೆರಳನ್ನು ಪುಕ್ಕಟೆ ಕೊಟ್ಟರು. ಚನ್ನೇಶ ಅದನ್ನು ತಮ್ಮ ತಾಳ್ಮೆಗೆ ಸಿಕ್ಕ ಫಲ ಎಂದು ಇಂದಿಗೂ ಹೇಳಿಕೊಳ್ಳುತ್ತಾರೆ.

ಇಂಥವರು ಮನೆಗೊಂದು ಸರ್ವರ್ ಬೇಕೆಂದು ತೀರ್ಮಾನಿಸಿದ್ದು ಮನೆ ಇನ್ನೂ ಒಂದಾಗಿದ್ದಾಗ. ಆಗ ಒಂದೇ ಸೂರಿನಡಿ ತಾಯಿ ಶಿವಬಸವ್ವ, ಚನ್ನೇಶನ ಸಂಸಾರ, ತಮ್ಮ ಸಂಜಯನ ಸಂಸಾರ ಇದ್ದವು. ಹಾನಗಲ್ಲಿಗೆ ಕೊಟ್ಟ ಅಕ್ಕ ಸುಧಾರಾಣಿ ಹಬ್ಬ ಹುಣ್ಣಿಮೆಗೆ ಬಂದು ಹೋಗುತ್ತಿದ್ದರು. ಎಲ್ಲರ ಫೋನುಗಳೂ ಫೋಟೋ, ವಿಡಿಯೊ ತುಂಬಿ ಜಾಗವಿಲ್ಲ ಎನ್ನುತ್ತಿದ್ದವು. ಒಂದು ಪೆಟ್ಟಿಗೆ, ಅದರಲ್ಲಿ ಎರಡು ಡಿಸ್ಕ್, ಅದನ್ನು ಮನೆಯ ಇಂಟರ್ನೆಟ್ಟಿಗೆ ಜೋಡಿಸಿದರೆ ಎಲ್ಲರ ಸಾಮಾನೂ ಒಂದೆಡೆ ಬಂದು ಕೂರುತ್ತದೆ ಎಂದು ಚನ್ನೇಶ ಯಾವುದೋ ವಿಡಿಯೊದಲ್ಲಿ ನೋಡಿದ್ದರು.

"ಮಂದಿ ಕ್ಲೌಡಿಗೆ ಬಾಡಿಗಿ ಕಟ್ಟಿ ನಮ್ಮ ಫೋಟೋ ಇಡೋದೇನು? ನಮ್ಮ ಮನ್ಯಾಗ ನಮ್ಮದ ಕ್ಲೌಡ್ ಇರಬೇಕು" ಎಂದರು ಊಟಕ್ಕೆ ಕೂತಾಗ.

"ಕೆಳಗಿದ್ರ ಅದು ಮೋಡ ಹೆಂಗಾತೋ ಅಣ್ಣಾ? ಹೊಗಿ ಅನ್ನಬೇಕು ಅದಕ್ಕ" ಎಂದ ಸಂಜಯ, ರೊಟ್ಟಿ ಮುರಿಯುತ್ತ.

ಪೆಟ್ಟಿಗೆಯ ಜಾಗಕ್ಕಾಗಿ ಮನೆಯ ನಕ್ಷೆ ಬರೆದದ್ದಾಯಿತು. ಅಡುಗೆಮನೆಯ ಪಕ್ಕ ಹೊಗೆ, ಮೆಟ್ಟಿಲ ಕೆಳಗೆ ಸೆಕೆ, ಹಿತ್ತಲ ಕೋಣೆಯಲ್ಲಿ ಇಲಿ. ದೇವರ ಮನೆಯೇ ತಂಪು ಎಂದು ಚನ್ನೇಶ ಹೇಳಿದಾಗ ಶೈಲಶ್ರೀ, "ಬಸವಣ್ಣನ್ನ ಎಲ್ಲಿಡ್ಲಿ? ಗೊಬ್ಬರದ ಅಂಗಡ್ಯಾಗ?" ಎಂದು ಕೇಳಿ ಆ ಮಾತು ಮುಗಿಸಿದರು. ಕೊನೆಗೆ ಪಡಸಾಲೆಯ ಕಪಾಟಿಗೆ ಗಾಳಿಕಿಂಡಿ ಕೊರೆಸಿ, ಗೋಡೆಗುಂಟ ಕೇಬಲ್ ಎಳೆಸಿ, ಕರೆಂಟು ಹೋದರೆ ಇರಲಿ ಎಂದು ಯುಪಿಎಸ್ ತರಿಸಿ, ದೀಪಾವಳಿ ಪಾಡ್ಯದ ದಿನ ಪೆಟ್ಟಿಗೆಯನ್ನು ಕೂರಿಸಲಾಯಿತು. ವಿಭೂತಿ ಹಚ್ಚಿದರು, ಚೆಂಡುಹೂ ಏರಿಸಿದರು. ಕಾಯಿ ಒಡೆಯುವಾಗ ಶೈಲಶ್ರೀ ಪೆಟ್ಟಿಗೆಯನ್ನು ಪಕ್ಕಕ್ಕೆಳೆಯದಿದ್ದರೆ ಈ ಕಥೆ ಅಂದೇ ಕಾಯಿಯ ನೀರಿನಲ್ಲಿ ಮುಗಿಯುತ್ತಿತ್ತು.

ಅಂದೇ ಚನ್ನೇಶ ಪೆಟ್ಟಿಗೆಯನ್ನು ಕಂಪ್ಯೂಟರಿಗೆ ಜೋಡಿಸಿ ತೆರೆದರು. ಪರದೆಯ ಮೇಲೆ ಎರಡು ದಾರಿಗಳಿದ್ದವು. ಒಂದರಲ್ಲಿ ಇಟ್ಟದ್ದೆಲ್ಲ ಎರಡೂ ಡಿಸ್ಕಿನಲ್ಲಿ ಇರುತ್ತದೆ, ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಆದರೆ ಜಾಗ ಅರ್ಧವೇ ಸಿಗುತ್ತದೆ. ಇನ್ನೊಂದರಲ್ಲಿ ಜಾಗವೆಲ್ಲ ನಮ್ಮದು. ಅಲ್ಲಿ ಯಂತ್ರ ಇಟ್ಟ ಪ್ರತಿ ಫೋಟೋ, ವಿಡಿಯೊ, ಹಾಡನ್ನೂ ಚೂರು ಮಾಡಿ, ಒಂದು ಚೂರು ಈ ಡಿಸ್ಕಿಗೆ, ಮುಂದಿನ ಚೂರು ಆ ಡಿಸ್ಕಿಗೆ ಹಾಕುತ್ತ ಹೋಗುತ್ತದೆ. ಪಂಚಾಂಗದ ಹಾಳೆಗಳನ್ನು ಒಂದು ಬಿಟ್ಟು ಒಂದು ಹರಿದು ಎರಡು ಕಟ್ಟು ಮಾಡಿದ ಹಾಗೆ. ಎರಡೂ ಡಿಸ್ಕ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಹಾಡು, ಒಂದು ಆಚೆ ಹೋದರೆ ಎರಡೂ ಕಸ. ಪರದೆ ಇದನ್ನು ಕೆಂಪು ಅಕ್ಷರದಲ್ಲಿ ಎಚ್ಚರಿಸಿತ್ತು.

"ರೊಕ್ಕ ಕೊಟ್ಟ ಜಾಗ ಅರ್ಧ ಖಾಲಿ ಬಿಡಾಕ ನಾವೇನು ಸರ್ಕಾರನ?" ಎಂದು ಹೆಂಡತಿಗೆ ಹೇಳಿ ಚನ್ನೇಶ ಎರಡನೆಯದನ್ನೇ ಒತ್ತಿದರು.

ಇಲ್ಲಿಯವರೆಗಿನದು ಮೂರ್ಖತನ. ಅದು ಎಲ್ಲರ ಮನೆಯಲ್ಲೂ ಇರುತ್ತದೆ. ಮುಂದಿನದು ಚನ್ನೇಶನ ಸ್ವಂತ ಸಾಧನೆ.

ಶಿವಬಸವ್ವ ಸೋಬಾನ ಪದ, ಬೀಸುವ ಪದ ಹಾಡುವುದರಲ್ಲಿ ಹೆಸರಾದವರು. ಯಲವಿಗಿಯ ತನಕ ಮದುವೆ ಮನೆಗಳಿಂದ ಅವರನ್ನು ಕರೆಯಲು ಬರುತ್ತಿದ್ದರು. ಸುಧಾರಾಣಿಯ ಮಗಳು ಶ್ವೇತಾ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಓದುವವಳು. ಬೇಸಿಗೆ ರಜೆ ಪೂರ್ತಿ ಸವಣೂರಿನಲ್ಲಿದ್ದು ಅಜ್ಜಿಯ ಹಾಡುಗಳನ್ನೆಲ್ಲ ಫೋನಿನಲ್ಲಿ ಹಿಡಿದಳು. ಫೋನು ತುಂಬಿತು. ಚನ್ನೇಶ ಅದನ್ನು ಇಸಿದುಕೊಂಡು ಹಾಡುಗಳನ್ನು ಸರ್ವರಿಗೆ ಸಾಗಿಸಿ, ಫೋನನ್ನು ಒರೆಸಿ ಖಾಲಿ ಮಾಡಿ ಕೈಗಿತ್ತರು.

"ನೋಡವಾ, ಹೊಸಾ ಫೋನ್ ಆದಂಗ ಆತು" ಎಂದರು.

ಸುಧಾರಾಣಿಗೆ ಯಾಕೋ ಸಮಾಧಾನವಾಗಲಿಲ್ಲ. "ಡಬ್ಬಿ ಕೆಟ್ಟ್ರ ಏನ್ ಮಾಡ್ತೀಯೋ ಚನ್ನ್ಯಾ?"

"ಎರಡು ಡಿಸ್ಕ್ ಅದಾವಕ್ಕ. ಎರಡು ಡಿಸ್ಕ್ ಅಂದ್ರ ಎರಡು ಕಾಪಿ. ಒಂದು ಕೆಟ್ಟ್ರ ಇನ್ನೊಂದು."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಪ್ರಶ್ನೆ ಬಾಯಿ ಮುಚ್ಚಲಿ ಎಂದು ಹೇಳಿದ್ದು. ಆದರೆ ಆ ಮಾತು ಚೆನ್ನಾಗಿ ಕೇಳಿಸಿತು. ಅವರು ಅದನ್ನೇ ಅಂಗಡಿಗೆ ಬಂದವರಿಗೆ, ಬೀಗರಿಗೆ, ಕ್ಷೌರಿಕರಿಗೆ ಹೇಳತೊಡಗಿದರು. ಹಾನಗಲ್ಲಿನಿಂದಲೇ ಹಾಡು ತೆಗೆದು ಕೇಳುವ ವ್ಯವಸ್ಥೆ ಮಾಡುವುದಾಗಿಯೂ ಅಕ್ಕನಿಗೆ ಮಾತುಕೊಟ್ಟರು. ಆ ಭಾಗದ ಯೋಜನೆ ಮಾತ್ರ ಮುಗಿಯಲೇ ಇಲ್ಲ.

ಶ್ರಾವಣದಲ್ಲಿ ಶಿವಬಸವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಿತ್ತು, ಮಾತು ನಿಂತಿತು. ಎಚ್ಚರ, ತಿಳಿವಳಿಕೆ ಎಲ್ಲ ಇದೆ, ದನಿ ಇಲ್ಲ. ಸುಧಾರಾಣಿ ಬಂದಾಗೊಮ್ಮೆ ಸರ್ವರಿನಿಂದ ಒಂದು ಹಾಡು ಹಾಕಿಸಿದರು. ಮುದುಕಿ ತನ್ನದೇ ದನಿಯನ್ನು ಕೇಳುತ್ತ ಎಡಗೈಯಿಂದ ಮಂಚದ ಪಟ್ಟಿಗೆ ತಾಳ ಹಾಕಿದರು. ಸುಧಾರಾಣಿಗೆ ಆಮೇಲೆ ತವರಿನಿಂದ ಬೇಕಾದ್ದು ಆ ಹಾಡುಗಳಷ್ಟೇ.

ಸುಗ್ಗಿ ಮುಗಿದ ಮೇಲೆ ಮನೆ ಒಡೆಯಿತು. ಕಾರಣ ಹೇಳುವಂಥದ್ದೇನಲ್ಲ. ಅವ್ವನ ಔಷಧಿ ತರುವ ಪಾಳಿ ಯಾರದು ಎಂಬಲ್ಲಿ ಶುರುವಾಗಿ, ಅಂಗಡಿಯ ಬೋರ್ಡಿನಲ್ಲಿ ಯಾರ ಹೆಸರು ಎಂಬಲ್ಲಿಗೆ ಹೋಗಿ ನಿಂತಿತು. ವಾಟಣಿಗೆ, ಅಂದರೆ ಪಾಲು ಹಂಚಲು, ಸೋದರಮಾವ ಹೊಳಬಸಪ್ಪನನ್ನು ಕರೆಸಿದರು. ಅವರು ಆ ಭಾಗದ ಅನೇಕ ಮನೆಗಳನ್ನು ಒಡೆದು ಕೊಟ್ಟವರು. ಈ ಕಡೆಯ ರೂಢಿಯಂತೆ ಪಾಲು ಹಾಕುವವರು ಹಿರಿಯರು, ಮೊದಲು ಆರಿಸಿಕೊಳ್ಳುವವನು ಕಿರಿಯ. ಹೊಲ, ಮನೆ, ಎತ್ತು, ಕಡೆಗೆ ಅವ್ವನನ್ನು ಇಟ್ಟುಕೊಳ್ಳುವ ಪಾಳಿ, ಎಲ್ಲವೂ ಸರಿಸಮ ಆಯಿತು. ಉಳಿದದ್ದು ಕಪಾಟಿನ ಪೆಟ್ಟಿಗೆ.

"ಇದರೊಳಗ ಎಷ್ಟು ಅದಾವೋ?" ಹೊಳಬಸಪ್ಪ ಕೇಳಿದರು.

"ಎರಡು ಡಿಸ್ಕ್ ಮಾವ."

"ಎರಡರಾಗೂ ಒಂದ ಐತಿ ಅಂತ ಊರ ತುಂಬ ಹೇಳಾಕತ್ತಿದ್ಯಲ್ಲ?"

ಚನ್ನೇಶ ಕುಳಿತಲ್ಲೇ ಮಗ್ಗುಲು ಬದಲಿಸಿದರು. ಒಂದು ಮಾತು ಸಾಕಿತ್ತು. ಇಲ್ಲ ಮಾವ, ಇವೆರಡೂ ಕೂಡಿದರಷ್ಟೇ ಓದುತ್ತವೆ, ಬಿಡಿಸಬೇಡಿ ಎಂದರೆ ಮುಗಿಯುತ್ತಿತ್ತು. ಎದುರಿಗೆ ಅಕ್ಕ, ತಮ್ಮ, ತಮ್ಮನ ಹೆಂಡತಿ, ಓಣಿಯ ಹಿರಿಯರು ಕೂತಿದ್ದರು.

"ಹೂಂ ಮಾವ" ಎಂದರು.

"ಹಂಗಾರ ಜಗಳನ ಇಲ್ಲ. ಒಬ್ಬಗ ಒಂದು. ಡಬ್ಬಿ ಹಿರ್ಯಾಗ, ಅದರ ಸರಿಗೆ ಯುಪಿಎಸ್ ಕಿರ್ಯಾಗ. ಸಂಜ್ಯಾ, ಬಾ, ಆರಿಸ್ಕೋ."

ಸಂಜಯ ಎರಡೂ ಡಿಸ್ಕನ್ನು ಎರಡೂ ಕೈಯಲ್ಲಿ ತೂಗಿ ನೋಡಿದ. ಹೋರಿ ಕೊಳ್ಳುವವನ ಹಾಗೆ ತಿರುವಿ ಮುರುವಿ ನೋಡಿ, ಚೀಟಿ ಹೊಳೆಯುತ್ತಿದ್ದುದನ್ನು ಜೇಬಿಗಿಳಿಸಿದ.

"ನನಗ ಪಾಲು ಗೀಲು ಏನೂ ಬ್ಯಾಡ ಮಾವ. ಅವ್ವನ ಹಾಡು ಅಷ್ಟ ಕೊಡಸ್ರಿ" ಎಂದರು ಸುಧಾರಾಣಿ.

"ಅದೇನ್ ದೊಡ್ಡ ಮಾತವ್ವ? ಇಬ್ಬರ ಹತ್ರನೂ ಐತಿ. ಯಾರ ಕಡಿಂದರ ಇಸಗೋ."

ಅಡುಗೆಮನೆಯಲ್ಲಿ ಶೈಲಶ್ರೀ ಗಂಡನನ್ನು ತಡೆದರು. "ಅವತ್ತು ಒತ್ತಿದ್ದು ಬ್ಯಾರೇನ ಅಲ್ಲೇನ್ರಿ? ಹೇಳ್ರಿ ಅವರಿಗೆ."

"ಸುಮ್ನಿರು. ಈಗ ಹೇಳಿದ್ರ ಮಾನ ಹೋಗ್ತತಿ. ನಾಕ ದಿನ ಬಿಟ್ಟು ಸಂಜ್ಯಾನ ಕಡಿಂದ ತಂದು ಕೂಡಸ್ತೇನಿ."

ಅದಕ್ಕೂ ಒಂದು ಯೋಜನೆ ಆಯಿತು ಎಂದರ್ಥ.

ಸಂಜಯ ಬಂಕಾಪುರದಲ್ಲಿ ಹೆದ್ದಾರಿಯ ಹತ್ತಿರ ಪೈಪು, ಮೋಟರಿನ ಅಂಗಡಿ ತೆರೆದ. ಡಿಸ್ಕನ್ನು ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದಾಗ ಅದು ಏನನ್ನೂ ತೋರಿಸದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಆತ ಕೂಡಲೇ ಅಣ್ಣನಿಗೆ ಫೋನು ಮಾಡಿದ.

"ಖಾಲಿ ಡಿಸ್ಕ್ ಕೊಟ್ಟು ಕುಂದ್ರಿಸೀಯಲ್ಲೋ ಅಣ್ಣಾ!"

"ಖಾಲಿ ಎಲ್ಲಿ ಐತೋ? ನಿನ್ನ ಕಂಪ್ಯೂಟರ್ ಹಳೇದು, ಅದಕ್ಕ ಓದಾಕ ಬರವಲ್ದು. ಇಲ್ಲಿ ತಂದು ಕೊಡು, ನಾ ನೋಡ್ತೇನಿ."

"ನೋಡ್ತೀ ನೋಡ್ತೀ. ನಾ ಚಲೋದು ಆರಿಸ್ಕೊಂಡೇನಿ ಅಂತ ಹೊಟ್ಟಿ ಉರ್ಯಾಕತ್ತೈತಿ ನಿನಗ. ನನ್ನ ಪಾಲು ನಿನ್ನ ಕೈಯಾಗ ಯಾಕ ಕೊಡ್ಲಿ?"

ತಮ್ಮನ ಅನುಮಾನಕ್ಕೆ ಅಣ್ಣನ ಬಳಿ ಉತ್ತರವಿತ್ತು. ಅದು ನಿಜವಾಗಿತ್ತು ಎಂಬುದೊಂದೇ ತೊಂದರೆ. ಚನ್ನೇಶ ಫೋನಿಟ್ಟರು.

ಸುಧಾರಾಣಿ ಸವಣೂರಿಗೆ ಫೋನು ಮಾಡಿದರೆ "ಸಂಜ್ಯಾನ ಹತ್ರ ಐತಿ, ಅವನ್ನ ಕೇಳಕ್ಕ" ಎಂಬ ಉತ್ತರ. ಬಂಕಾಪುರಕ್ಕೆ ಮಾಡಿದರೆ "ನನ್ನ ಹತ್ರ ಏನೂ ಇಲ್ಲ, ಅಣ್ಣನ್ನ ಕೇಳು" ಎಂಬ ಉತ್ತರ. ತಮ್ಮಂದಿರು ಪರಸ್ಪರ ಮಾತು ಬಿಟ್ಟಿದ್ದರಿಂದ ಎರಡು ಉತ್ತರಗಳೂ ಒಂದು ಕಡೆ ಸೇರುವ ಸಂಭವವೇ ಇರಲಿಲ್ಲ. ಇಬ್ಬರೂ ಸತಾಯಿಸುತ್ತಿದ್ದಾರೆ, ಕೇಳುತ್ತ ಇದ್ದರೆ ಒಬ್ಬನಾದರೂ ಕೊಟ್ಟಾನು ಎಂದು ಸುಧಾರಾಣಿ ನಂಬಿದ್ದರು.

ಅಷ್ಟರಲ್ಲಿ ಸಂಜಯನ ಅಂಗಡಿಯ ಮುಂದಿನಿಂದ ಪೈಪಿನ ಸುರುಳಿಯೊಂದು ಕಳುವಾಯಿತು. ಕ್ಯಾಮೆರಾ ಹಾಕಿಸಿದ. ಹಾಕಲು ಬಂದಾತ ರೆಕಾರ್ಡ್ ಮಾಡಲು ಡಿಸ್ಕೊಂದು ಬೇಕು ಎಂದಾಗ ಮೇಜಿನ ಖಾನೆಯಿಂದ ತನ್ನ ಪಾಲು ತೆಗೆದುಕೊಟ್ಟ.

"ಇದರಾಗ ಏನರ ಐತೇನ್ರಿ?"

"ಏನೂ ಇಲ್ಲ ಮಾರಾಯ. ಅಣ್ಣ ಕೊಟ್ಟಿದ್ದು."

ಡಿಸ್ಕ್ ಶುದ್ಧವಾಯಿತು. ಅಂದಿನಿಂದ ಅದರಲ್ಲಿ ಬಂಕಾಪುರದ ರಸ್ತೆ ತುಂಬಿಕೊಳ್ಳುತ್ತಿದೆ. ಬೈಕು ನಿಲ್ಲಿಸುವವರು, ಎಲೆಯಡಿಕೆ ಉಗಿಯುವವರು, ಆಗೊಮ್ಮೆ ಈಗೊಮ್ಮೆ ದಾರಿ ತಪ್ಪಿ ಬಂದ ನವಿಲು. ಪೈಪು ಕದ್ದವನು ಮತ್ತೆ ಬಂದಿಲ್ಲ.

ಚನ್ನೇಶ ಕೊನೆಗೂ ಬಂಕಾಪುರಕ್ಕೆ ಹೋದದ್ದು ಅಕ್ಕ ಮಗಳೊಂದಿಗೆ ಸವಣೂರಿಗೇ ಬರುತ್ತೇನೆಂದು ತಿಳಿಸಿದ ಮೇಲೆ. ತಮ್ಮನ ಅಂಗಡಿಗೆ ಚಹದ ಪುಡಿ, ತಿನ್ನಲು ಸವಣೂರು ಖಾರ ಕಟ್ಟಿಸಿಕೊಂಡು ಹೋದರು. ಡಿಸ್ಕ್ ಎಲ್ಲಿ ಎಂದು ಕೇಳಿದಾಗ ಸಂಜಯ ಗೋಡೆಯ ಮೇಲಿನ ಪರದೆಗೆ ಬೆರಳು ತೋರಿಸಿದ. ಅದರಲ್ಲಿ ಬಾಗಿಲಲ್ಲಿ ಖಾರದ ಪೊಟ್ಟಣ ಹಿಡಿದು ನಿಂತ ಚನ್ನೇಶ ಕಾಣುತ್ತಿದ್ದರು.

ಮರುದಿನ ಸುಧಾರಾಣಿ, ಶ್ವೇತಾ ಬಂದರು. ಅವ್ವನ ಮಂಚದ ಹತ್ತಿರ ಕೂತು ಚಹ ಕುಡಿಯುವ ತನಕ ಚನ್ನೇಶ ಹವಾಮಾನ ಮಾತಾಡಿದರು. ಆಮೇಲೆ ಮುಖ ಸಣ್ಣದು ಮಾಡಿಕೊಂಡು ಹೇಳಿದರು:

"ಏನ್ ಹೇಳ್ಲೆಕ್ಕ. ಸಂಜ್ಯಾ ಹಾಡು ಎಲ್ಲಾ ಅಳಿಸಿಬಿಟ್ಟಾನ. ತಿಳಿಗೇಡಿ. ಕ್ಯಾಮೆರಾಕ್ಕ ಹಾಕಿಸ್ಯಾನ ಡಿಸ್ಕನ್ನ."

ಸುಧಾರಾಣಿ ಲೋಟ ಕೆಳಗಿಟ್ಟರು. "ಹೋಗಲಿ ಬಿಡು ಅವಂದು. ನಿಂದು ಕೊಡು."

"ನಂದು?"

"ಎರಡು ಕಾಪಿ ಅಂದಿದ್ಯಲ್ಲೋ. ಅವಂದು ಹೋತು. ನಿಂದು ಐತಲ್ಲ, ಡಬ್ಬ್ಯಾಗ."

ಚನ್ನೇಶ ಹೆಂಡತಿಯ ಕಡೆ ನೋಡಿದರು. ಶೈಲಶ್ರೀ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಚನ್ನೇಶ ಯಂತ್ರದ ದೋಷ, ಕಂಪನಿಯ ಮೋಸ, ವೋಲ್ಟೇಜಿನ ಏರಿಳಿತ ಎಂದೆಲ್ಲ ಹೇಳುತ್ತ ಹೋದರು. ಶ್ವೇತಾ ಕಪಾಟಿನ ಪೆಟ್ಟಿಗೆಯನ್ನೊಮ್ಮೆ ನೋಡಿ ಕೇಳಿದಳು:

"ಮಾಮಾ, ಎರಡೂ ಕೂಡಿಸಿ ಒಂದ ಮಾಡಿದ್ದಿರೇನು? ಜಾಗ ಜಾಸ್ತಿ ಸಿಗ್ತತಿ ಅಂತ?"

ಮಂಚದ ಮೇಲೆ ಶಿವಬಸವ್ವ ಮಗನನ್ನೇ ನೋಡುತ್ತಿದ್ದರು.

"ವಾಟಣಿ ದಿನಾನೂ ಗೊತ್ತಿತ್ತು ನಿನಗ?" ಸುಧಾರಾಣಿಯ ದನಿ ಏರಲಿಲ್ಲ. "ಮಾವ ಕೇಳಿದಾಗ ಹೂಂ ಅಂದ್ಯಲ್ಲೋ."

"ನಾಕ ಮಂದಿ ಮುಂದ ಹೆಂಗ ಹೇಳ್ಲೆಕ್ಕ?"

"ಶ್ವೇತಾ, ಅವ್ವನ ಸೀರಿ ತಗೀ. ಗಾಡಿಗೆ ಹೇಳು."

"ಅಕ್ಕ, ಈಗ ನನ್ನ ಪಾಳಿ ನಡದೈತಿ. ನೀ ಒಯ್ದ್ರ ಮಂದಿ ಏನಂದಾರು?"

"ಇನ್ನೊಂದು ಕಾಪಿ ಒಳಗೈತಿ ಅನ್ನು."

ಅವ್ವನನ್ನು ಹೊತ್ತು ಕಾರಿನಲ್ಲಿ ಕೂರಿಸುವಾಗ ಚನ್ನೇಶ ದಿಂಬು ಹಿಡಿದುಕೊಂಡಿದ್ದರು. ಸುದ್ದಿ ಬಂಕಾಪುರಕ್ಕೆ ಮುಟ್ಟಿದಾಗ ಸಂಜಯ ಕೇಳಿದ್ದು ಒಂದೇ: ಹಾಗಾದರೆ ಮುಂದಿನ ತನ್ನ ಪಾಳಿಯೂ ಇಲ್ಲವೇ? ಇಲ್ಲ ಎಂದು ತಿಳಿದ ಮೇಲೆ ಆತನೂ ಅಡ್ಡಿ ಮಾಡಲಿಲ್ಲ.

ಈಗ ಹಾನಗಲ್ಲಿನಲ್ಲಿ ಸುಧಾರಾಣಿ ಮುಂಜಾನೆ ತಾಯಿಯ ತಲೆ ಬಾಚುತ್ತ ನೆನಪಿದ್ದ ಹಾಡುಗಳನ್ನು ಹಾಡುತ್ತಾರೆ. ಸಾಲು ತಪ್ಪಿದರೆ ಶಿವಬಸವ್ವ ಎಡಗೈಯಿಂದ ಮಂಚ ಬಡಿಯುತ್ತಾರೆ. ಸುಧಾರಾಣಿ ಬೇರೆ ಸಾಲು ಹಿಡಿದು ನೋಡಬೇಕು, ಸರಿಯಾಗುವ ತನಕ ಬಿಡುಗಡೆಯಿಲ್ಲ. ಹಾಗೆ ಗಟ್ಟಿಯಾದವು ಕೆಲವೇ ಹಾಡು. ಬಹಳಷ್ಟು ಸುಧಾರಾಣಿಗೆ ಗೊತ್ತೇ ಇರಲಿಲ್ಲ. ಅವು ಮುದುಕಿಯ ಒಳಗೇ ಇವೆ, ಹೊರಬರುವ ದಾರಿಯಿಲ್ಲ. ಗಟ್ಟಿಯಾದವನ್ನು ಶ್ವೇತಾ ರೆಕಾರ್ಡ್ ಮಾಡಿ ಮೂರು ಕಡೆ ಇಡುತ್ತಾಳೆ, ಎಲ್ಲೆಲ್ಲಿ ಎಂದು ಮಾಮಂದಿರಿಗೆ ಹೇಳಿಲ್ಲ.

ಚನ್ನೇಶ ಈಚೆಗೆ ನಾಲ್ಕು ಡಿಸ್ಕಿನ ಹೊಸ ಸರ್ವರ್ ತರಿಸಿದ್ದಾರೆ. ಹಾನಗಲ್ಲಿನ ಸಂಗತಿ ಕೇಳಿ, ಅವ್ವನ ಹಾಡು ತಮಗೂ ಕಳಿಸಬೇಕು, ಇಲ್ಲಿ ಭದ್ರವಾಗಿರುತ್ತವೆ ಎಂದು ಅಕ್ಕನಿಗೆ ಸಂದೇಶ ಹಾಕಿದರು. ಸುಧಾರಾಣಿ ಅದನ್ನು ಓದಿದರು, ಉತ್ತರಿಸಲಿಲ್ಲ. ಹೊಸ ಪೆಟ್ಟಿಗೆಯಲ್ಲಿ ಸದ್ಯ ಗೊಬ್ಬರ ಕಂಪನಿಗಳ ಜಾಹೀರಾತು, ಬೀಗರು ಕಳಿಸುವ ಶುಭೋದಯದ ಚಿತ್ರಗಳು ಇವೆ.